ಒಂದು ಜರಡಿ ತೌಡಿನ ಮಗ

೧೮೯೫, ಫೆಬ್ರವರಿ ೩, ಬೆಳಿಗ್ಗೆ

ಥರ್ಮಾಮೀಟರ್ ಸೊನ್ನೆಗಿಂತ ಏಳು ಕೆಳಗೆ. ಅಂಗಳದಲ್ಲಿ ಗೇಣುದ್ದ ಹಿಮ. ಮೊಹಲ್ಲಾದಲ್ಲಿ ಜನನ ಎರಡು. ಮರಣ ಒಂದು: ಕಮ್ಮಾರ ತುರ್ದಿಯ ತಾಯಿ, ಕೆಮ್ಮು. ಬರೆದು ರಷ್ಯನ್ ಡಾಕ್ಟರಮ್ಮನಿಗೆ ಕಳಿಸಿದ್ದಾಯಿತು. ಹನ್ನೊಂದು ವರ್ಷದಿಂದ ಇದೇ ಕೆಲಸ. ನಾವು ಹುಟ್ಟುವುದು, ಸಾಯುವುದು, ಸೀನುವುದು ಈ ರಷ್ಯನ್ನರಿಗೇಕೆ ಬೇಕೋ, ಇಡೀ ಮರ್ಗಿಲಾನ್ ಊರಿಗೆ ಅರ್ಥವಾಗಿಲ್ಲ. ನನಗಂತೂ ನನ್ನ ರಿಜಿಸ್ಟರಿನ ಮೇಲೆ ಅಭಿಮಾನ. ಅದರಲ್ಲಿ ಒಂದು ಸುಳ್ಳು ಸಾಲಿಲ್ಲ.

ಪಕ್ಕದ ಮನೆಯ ಜೇಬಿಗೆ ದಿನ ತುಂಬಿದೆ. ತೀರಿಹೋದ ಗೆಳೆಯನ ಮಗಳು, ನನ್ನ ಕಣ್ಣೆದುರೇ ಬೆಳೆದವಳು. ಮೂರು ಹೆತ್ತಳು, ಮೂರನ್ನೂ ಮಣ್ಣಿಗಿಟ್ಟಳು. ಒಂದೂ ನಲವತ್ತು ದಿನ ದಾಟಲಿಲ್ಲ. ದೇವರೇ, ಈ ಸಲ ಕಣ್ಣು ಬಿಡಪ್ಪ.

ಫೆಬ್ರವರಿ ೯

ಗಂಡು! ಬೆಳಗಿನ ನಮಾಜು ಮುಗಿಸಿ ಬರುವಷ್ಟರಲ್ಲಿ ಕರೆ. ಜೇಬಿಯ ಗಂಡ ಎರ್ಗಶ್ ನನ್ನ ಕೈಗೆ ಒಂದು ಜರಡಿ ತೌಡು ಕೊಟ್ಟು ಕಿಟಕಿಯ ಕೆಳಗೆ ಹಿಮದಲ್ಲಿ ನಿಲ್ಲಿಸಿದ. ಕೂಸನ್ನು ನಾನೇ ಕೊಳ್ಳಬೇಕಂತೆ. ಮಕ್ಕಳು ನಿಲ್ಲದ ಮನೆಯ ಕೂಸನ್ನು ಬಾಗಿಲಿಂದ ಹೊರಗೆ ತರುವ ಹಾಗಿಲ್ಲ. ಸೂಲಗಿತ್ತಿ ಹೋಜರ್ ಬೀಬಿ ಹಳೇ ಚಿಂದಿಯಲ್ಲಿ ಸುತ್ತಿ ಕಿಟಕಿಯಿಂದ ಚಾಚಿದಳು.

ಮೃತ್ಯುವಿನ ಕಿವಿಗೆ ಬೀಳಲೆಂದು ಚೌಕಾಸಿ ಜೋರಾಗಿಯೇ ನಡೆಯಬೇಕು. ಕುರೂಪಿ ಮುಸುಡಿ, ಇದಕ್ಕೆ ತೌಡೂ ದಂಡ ಎಂದೆ. ನಿನ್ನ ಮುಸುಡಿ ಕನ್ನಡಿಯಲ್ಲಿ ನೋಡಿಕೊಂಡಿದ್ದೀಯಾ ಎಂದು ಮುದುಕಿ ಬೈದಳು. ಬೀದಿಯೆಲ್ಲ ನಗು. ಕೊಂಡ ಕೂಸಿಗೆ ಇಡುವ ಹೆಸರನ್ನೇ ಇಟ್ಟೆವು — ಸೋತಿಬೋಲ್ದಿ. ಅಂದರೆ ಕೊಂಡುತಂದವನು. ಈಗ ಅದು ನನ್ನದು. ಜೇಬಿ ಬರೀ ಹಾಲೂಡುವವಳು.

ಹೊರಡುವಾಗ ಪರದೆಯಾಚೆಯಿಂದ ಅವಳು ಅಂದಳು: "ನಿಮ್ಮ ಪುಸ್ತಕದಲ್ಲಿ ಬರೀಬೇಡಿ ಚಿಕ್ಕಪ್ಪ. ಮೂರನ್ನೂ ನೀವು ಹುಟ್ಟಿದವರ ಕಡೆ ಬರೆದ್ರಿ. ತಿಂಗಳಾಗೋದ್ರೊಳಗೆ ಮೂರೂ ಆ ಕಡೆ ಪುಟಕ್ಕೆ ಹೋದ್ವು."

ಆಗಲಿ ಎಂದೆ. ಎರಡು ಕಡೆಯೂ ಬರೆದದ್ದು ಈ ಕೈಯೇ.

ಫೆಬ್ರವರಿ ೧೦

ಜನನ: ಇಲ್ಲ. ಹಾಗಂತ ಬರೆದೆ. ಹನ್ನೊಂದು ವರ್ಷದಲ್ಲಿ ಮೊದಲ ಸುಳ್ಳು.

ಮಾರ್ಚ್ ೨೨

ಬಿಸಿಲು. ಏಪ್ರಿಕಾಟ್ ಹೂ ಬಿಟ್ಟಿದೆ. ನಿನ್ನೆಗೆ ನಲವತ್ತು ದಿನ. ದಾಟಿದ! ಪುಟಾಣಿ ಕಳ್ಳ, ನನ್ನ ಗಡ್ಡ ಹಿಡಿದರೆ ಬಿಡುವುದಿಲ್ಲ.

ಏಪ್ರಿಲ್ ೬

ಕುಂಬಾರರ ಬೀದಿಗೆ ಸಿಡುಬು ಬಂದಿದೆ. ಮರಣ ನಾಲ್ಕು, ಎಲ್ಲ ಮಕ್ಕಳು. ನಮ್ಮ ಬೀದಿಗೂ ಅದಕ್ಕೂ ನಡುವೆ ಒಂದು ಕಾಲುವೆ, ಅಷ್ಟೇ.

ಏಪ್ರಿಲ್ ೮

ಡಾಕ್ಟರಮ್ಮನಿಗೆ ತಾಷ್ಕೆಂಟಿನಿಂದ ಲಸಿಕೆ ಬಂದಿದೆ, ಅರವತ್ತು ಮಕ್ಕಳಿಗೆ ಆಗುವಷ್ಟು. ಹೊಸ ಕೂಸುಗಳಿಗೆ ಮೊದಲು. ರಿಜಿಸ್ಟರ್ ನೋಡಿ ಹೆಸರು ಕೂಗುತ್ತಾಳಂತೆ. ಇನ್ನೊಂದು ಕೂಸಿದೆ ಎಂದು ಮೆಲ್ಲಗೆ ಬಾಯಿಬಿಟ್ಟೆ. ಪುಸ್ತಕದಲ್ಲಿದ್ದರೆ ಕರೆಯುತ್ತೇನೆ, ಇಲ್ಲದವರನ್ನೂ ಕರೆದರೆ ಊರೇ ಬಂದು ನಿಲ್ಲುತ್ತದೆ ಎಂದಳು. ತಪ್ಪೇನಿಲ್ಲ, ಆ ನಿಯಮ ಹೇಳಿಕೊಟ್ಟವನೇ ನಾನು.

ಜೇಬಿ ಒಪ್ಪಲಿಲ್ಲ. ಬರೆದರೆ ಸತ್ತೇ ಹೋಗುತ್ತಾನೆ ಎಂದು ಕೂಸನ್ನು ಅವುಚಿಕೊಂಡಳು. ಸಿಡುಬು ಪುಸ್ತಕ ನೋಡಿಕೊಂಡು ಬರುತ್ತದೇನೇ ಎಂದು ರೇಗಿದೆ. ಎರ್ಗಶ್ ನೆಲ ನೋಡುತ್ತ ಕೂತಿದ್ದ. ಚಹಾ ಮುಟ್ಟದೆ ಎದ್ದು ಬಂದೆ.

ಏಪ್ರಿಲ್ ೯, ಬೆಳಿಗ್ಗೆ

ಮುಖ ತೊಳೆಯುವಾಗ ಹೊಳೆಯಿತು. ನನ್ನ ಬುದ್ಧಿಗೆ ಮಂಕು ಕವಿದಿತ್ತು. ಒದ್ದೆ ಗಡ್ಡದಲ್ಲೇ ಓಡಿದೆ.

"ನಿನ್ನ ಮಗನನ್ನ ಬರೆಯಲ್ಲ ಕಣೇ. ನನ್ನ ಮಗನನ್ನ ಬರೀತೀನಿ. ಬೀದಿಯೆಲ್ಲ ನೋಡ್ತಿರೋವಾಗ ಕೊಂಡಿದೀನಿ. ಮಾರಿದೋಳು ನೀನು, ಬೇಡ ಅನ್ನೋಕೆ ನೀನ್ಯಾರು?"

ಅವಳು ಕೂಸಿನ ಕುಲಾವಿ ಸರಿಮಾಡುತ್ತ, "ನಿಮ್ಮ ಮನೇಲಿ ಯಾರೂ ಸತ್ತಿಲ್ಲ ಅಲ್ವಾ, ಮಕ್ಕಳು?" ಎಂದಳು. ಹುಟ್ಟಿದ್ದರೆ ತಾನೇ ಸಾಯಲು ಎಂದೆ. ಅಳುತ್ತಲೇ ನಕ್ಕಳು.

ನನ್ನ ಹೆಸರಲ್ಲೇ ಬರೆದೆ. ಫೆಬ್ರವರಿ ೯. ಮುಲ್ಲಾ ಇಸೋಮಿದ್ದೀನ್‌ನ ಮನೆ. ಗಂಡು. ಸೋತಿಬೋಲ್ದಿ.

ಏಪ್ರಿಲ್ ೧೦

ಡಾಕ್ಟರಮ್ಮ ಓದುತ್ತ ಓದುತ್ತ ನಿಂತಳು. ಕನ್ನಡಕದ ಮೇಲಿಂದ ನೋಡಿ ನನ್ನ ವಯಸ್ಸೆಷ್ಟು ಎಂದಳು. ಅರವತ್ತಮೂರು ಎಂದೆ. ಒಳ್ಳೆಯ ಗಾಳಿ ಈ ಊರಿನದು ಎಂದಳು. ಕಾದು ನಿಂತ ಹೆಂಗಸರ ಮುಸುಕಿನೊಳಗೆಲ್ಲ ಕಿಸಿಕಿಸಿ. ಕಿವಿ ಕೆಂಪಾಯಿತು, ಆಗಲಿ. ಸೂಜಿ ಗೀರಿದಾಗ ಅವನು ಕಿರುಚಿದ್ದಕ್ಕೆ ನಾನೇ ಮುಖ ತಿರುಗಿಸಿಕೊಂಡೆ.

ಏಪ್ರಿಲ್ ೧೫

ಮಳೆ. ಕೂಸಿಗೆ ಎರಡು ದಿನದಿಂದ ಕೆಂಡದಂಥ ಜ್ವರ. ಲಸಿಕೆ ಹತ್ತಿದ ಲಕ್ಷಣ ಎನ್ನುತ್ತಾಳೆ ಡಾಕ್ಟರಮ್ಮ. ಜೇಬಿ ನನ್ನ ಮುಖ ನೋಡುವುದಿಲ್ಲ. ಬಲಗಡೆ ಪುಟ ತೆರೆಯಲು ಕೈ ಬರುತ್ತಿಲ್ಲ. ಉಳಿದವರ ಸಾವೂ ಬರೆದಿಲ್ಲ ಇವತ್ತು.

ಏಪ್ರಿಲ್ ೨೦

ಜ್ವರ ಬಿಟ್ಟಿತು. ತೋಳಲ್ಲಿ ಹಕ್ಕಳೆ ಕಟ್ಟಿದೆ. ಜೇಬಿಯ ಗೋಡೆಯ ಮೇಲಿಂದ ಒಂದು ತಟ್ಟೆ ಸೊಪ್ಪು ತುಂಬಿ ಸುಟ್ಟ ಸಂಸಾ ಬಂತು, ಬಿಸಿಬಿಸಿ. ಏಳು ತಿಂದೆ.

ಮೇ ೧೧

ಸಿಡುಬು ಕಾಲುವೆ ದಾಟಿ ಬಂದು, ಹೋಯಿತು. ನಮ್ಮ ಬೀದಿಯಲ್ಲಿ ಒಂಬತ್ತು. ತುರ್ದಿಯ ಹಿರಿಮಗಳೂ ಹೋದಳು, ಚಿನ್ನದಂಥ ಹುಡುಗಿ. ನಮ್ಮವನಿಗೆ ಒಂದು ಗುಳ್ಳೆಯಿಲ್ಲ.

ಮೇ ೧೩, ಮಧ್ಯಾಹ್ನ

ಡಾಕ್ಟರಮ್ಮ ರಿಜಿಸ್ಟರ್ ವಾಪಸು ಕಳಿಸಿದ್ದಾಳೆ. ಒಂದು ಕಡೆ ಪೆನ್ಸಿಲ್ ಗುರುತು: ತಾಯಿಯ ಹೆಸರು ಬಿಟ್ಟುಹೋಗಿದೆ, ತುಂಬಿ.

ಜೇಬಿಯ ಹೆಸರು ಬರೆಯುವಂತಿಲ್ಲ. ಲೇಖನಿ ಹೊಸದಾಗಿ ಚೂಪು ಮಾಡಿ ನನ್ನವಳ ಹೆಸರು ಬರೆದೆ. ಮಸ್ತೂರಾ. ಅವಳು ಹೋಗಿ ಒಂಬತ್ತು ವರ್ಷ, ಅದನ್ನೂ ಬರೆದವನು ನಾನೇ. ಸುತ್ತದ ದರ್ಗಾ ಇಲ್ಲ, ಕಟ್ಟದ ಹರಕೆ ಇಲ್ಲ ಪಾಪ, ಒಂದು ಕೂಸಿಗಾಗಿ. ಸುಳ್ಳು ಸಾಲು, ಗೊತ್ತು. ಎಲ್ಲಕ್ಕಿಂತ ಅಂದವಾಗಿ ಬರೆದ ಸಾಲೂ ಅದೇ.

ಜೇಬಿ ಕೂಗುತ್ತಿದ್ದಾಳೆ, ಕೈ ಬಿಡುವಿಲ್ಲ, ನಿಮ್ಮ ಮಗನನ್ನ ಎತ್ಕೊಳ್ಳಿ ಅಂತ. ಬಂದೆ ಬಂದೆ.

ಮಸ್ತೂರಾ, ಇವತ್ತು ಅವನು ಸದ್ದು ಮಾಡಿ ನಕ್ಕ ಕಣೇ. ನೀನಿರಬೇಕಿತ್ತು. ಬಾಯಲ್ಲಿ ಒಂದು ಹಲ್ಲಿಲ್ಲ, ಆದರೂ—