ನಾವು ಹೋಗದ ಮುಂಬೈಯಿಂದ

ಗುಲಾಬೀ, ನನ್ನ ನೆರೆಮನೆಯವಳೇ, ಜಗಲಿಯ ಗೆಳತಿಯೇ,

ನಾನು ಮುಂಬೈಯಲ್ಲಿದ್ದೇನೆ! ಸುಳ್ಳಲ್ಲ ಮಾರಾಯ್ತಿ, ಈ ಸಲ ಸುಳ್ಳಲ್ಲ. ದಾದರಿನ ಒಂದು ಲಾಡ್ಜಿನ ಮೂರನೇ ಮಾಳಿಗೆಯಲ್ಲಿ, ಕಿಟಕಿಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತು ಬರೆಯುತ್ತಿದ್ದೇನೆ. ಹೊತ್ತು ಮಧ್ಯಾಹ್ನ. ನಿನ್ನ ಮಗಳು ಶೈಲು ನಾಲ್ಕು ದಿನ ನನ್ನನ್ನು ಊರೆಲ್ಲ ಸುತ್ತಿಸಿ, ಈಗ ಫ್ಯಾನಿನ ಅಡಿಯಲ್ಲಿ ಬಾಯಿ ತೆರೆದು ಮಲಗಿದ್ದಾಳೆ, ಥೇಟ್ ನಿನ್ನ ಹಾಗೆ. ನನಗೆ ನಿದ್ದೆ ಎಲ್ಲಿಂದ ಬರಬೇಕು? ಅರವತ್ತೆರಡು ವರ್ಷದ ಹೆಂಗಸು ಚಿಕ್ಕ ಮಕ್ಕಳ ಹಾಗೆ ಮಂಚಕ್ಕೂ ಕಿಟಕಿಗೂ ಓಡಾಡುತ್ತಿದ್ದೇನೆ. ಇದನ್ನೆಲ್ಲ ನಿನಗಲ್ಲದೆ ಯಾರಿಗೆ ಹೇಳಲಿ? ನೀನು ಹೋಗಿ ಎರಡು ವರ್ಷ ಆಯಿತು ಎಂದು ಗೊತ್ತುಂಟು. ಆದರೂ...

ಮೊಗ್ರಾಲಿನ ನಮ್ಮ ಜಗಲಿ ನೆನಪಾಗುತ್ತಿದೆ. ನೀನು, ನಾನು, ಆಚೆ ಮನೆಯ ಬೀಫಾತಿಮ, ಮಡಿಲಲ್ಲಿ ಎಲೆ ಮತ್ತು ಹೊಗೆಸೊಪ್ಪಿನ ಮೊರ. ಒಂದು ದಿನ ನೀನೇ ನನ್ನ ಮೊರವನ್ನು ಎಳೆದುಕೊಂಡೆ: "ಯಮುನಕ್ಕ, ನೀವು ಬೀಡಿ ಕಟ್ಟಿದ್ದು ಸಾಕು. ಲೈಬ್ರರಿಯಿಂದ ಕಾದಂಬರಿ ತಂದು ಓದಿ. ನಿಮ್ಮ ಪಾಲಿನದ್ದು ನಾವು ಕಟ್ಟುವ." ಆವತ್ತಿನಿಂದ ಮೂವತ್ತು ವರ್ಷ ನಾನು ಓದುವವಳು, ನೀವು ಕಟ್ಟುವವರು. ಪೇಪರು, ಕಾದಂಬರಿ, ಮದುವೆ ಕಾಗದ, ಪಂಚಾಯತಿನಿಂದ ಬಂದ ನೋಟೀಸು, ಏನೇ ಇದ್ದರೂ "ಯಮುನಕ್ಕ ಓದಲಿ". ನನಗೆ ಅದೊಂದು ಜಂಬವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ? ಸಂಜೆ ಮುಂಬೈ ಗಾಡಿ ಹೊಳೆಯ ಸೇತುವೆ ದಾಟುವ ಸದ್ದು ಕೇಳಿದರೆ ಪುಸ್ತಕ ಮುಚ್ಚುವುದು, ನೀವು ಮೊರ ಎತ್ತಿಡುವುದು. ನಮ್ಮ ಗಡಿಯಾರವೇ ಆ ಗಾಡಿ.

ಒಂದು ಸಂಜೆ ಆ ಸದ್ದಿಗೆ ಕಿವಿ ಕೊಟ್ಟು ನೀನು ಹೇಳಿದ್ದು ಮರೆತಿಲ್ಲ. "ಯಮುನಕ್ಕ, ನಾನು ರೈಲು ಹತ್ತಿದ್ದೆಲ್ಲ ಒಂದೋ ಆಸ್ಪತ್ರೆಗೆ, ಇಲ್ಲದಿದ್ದರೆ ಯಾರದಾದರೂ ಬಾಣಂತನಕ್ಕೆ, ಸತ್ತವರ ಬೊಜ್ಜಕ್ಕೆ. ಒಮ್ಮೆಯಾದರೂ ಸುಮ್ಮನೆ ಹೋಗಬೇಕು. ಮುಂಬೈಗೆ. ಅಲ್ಲಿ ಯಾರೂ 'ಎಲ್ಲಿಗೆ? ಎಂತಕ್ಕೆ?' ಅಂತ ಕೇಳುವುದಿಲ್ಲವಂತೆ." ಬೀಫಾತಿಮ ಬೀಡಿಯ ಬಾಯಿ ಮಡಚುತ್ತಾ ಕೇಳಿದಳು, "ಅಲ್ಲ, ಅಷ್ಟು ದೂರ ಎಂತಕ್ಕೆ?" ನಾವು ಎಷ್ಟು ನಕ್ಕಿದ್ದೆವು!

ಆಮೇಲೆ ನಿಜವಾಗಿಯೂ ಹೊರಟೆವಲ್ಲ, ಹನ್ನೆರಡು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ. ನಿನ್ನ ಗಂಡ ಗಲ್ಫಿನಲ್ಲಿ, ಶೈಲು ಅಜ್ಜಿಯ ಜೊತೆ. ನೀನು ಹೊಸ ನೀಲಿ ಸೀರೆ, ನಾನು ಹೊಸ ಚಪ್ಪಲಿ. ಬ್ಯಾಗಿನಲ್ಲಿ ಅವಲಕ್ಕಿ, ಮಿಡಿ ಉಪ್ಪಿನಕಾಯಿ, ಒಂದು ಸೇರು ಕುಚ್ಚಲಕ್ಕಿ, ಮುಂಬೈಯವರು ನಮಗೆ ಅನ್ನ ಕೊಡುವುದಿಲ್ಲವೋ ಎಂಬಂತೆ. ಇಡೀ ಮೊಗ್ರಾಲಿಗೆ ಹೇಳಿ ಹೊರಟದ್ದು. ಸಂಜೆಯ ಗಾಡಿಗೆ ಒಂದು ಗಂಟೆ ಮುಂಚೆಯೇ ಕಾಸರಗೋಡು ಸ್ಟೇಷನ್ನಿಗೆ ಹೋಗಿ ಕೂತೆವು. ಗಾಡಿ ಬರಲೇ ಇಲ್ಲ. ಕೇಳಿದರೆ, ಆ ಗಾಡಿ ಹೋಗಿ ಮೂರು ಗಂಟೆ ಆಯಿತಮ್ಮಾ, ಇವತ್ತಿನಿಂದ ಮಳೆಗಾಲದ ಟೈಮ್‌ಟೇಬಲ್ ಎಂದರು. ಹಿಂದಿನ ದಿನ ಸಂಜೆಯೂ ಸೇತುವೆಯ ಸದ್ದು ಕೇಳಿದ್ದೆವು ಗುಲಾಬಿ! ಪ್ರತಿ ವರ್ಷ ಮಳೆ ಹಿಡಿದರೆ ನಾವು ಒಳಗೆ ಕೂತು ಕಟ್ಟುವವರು. ಹಂಚಿನ ಮೇಲಿನ ಮಳೆ ಸದ್ದಿನಲ್ಲಿ ಗಾಡಿ ಬೇಗ ಹೋಗುವುದು ನಮಗೆ ಹೇಗೆ ಗೊತ್ತಾಗಬೇಕು? ಆದರೆ ಟಿಕೆಟಿನಲ್ಲಿ ಸಮಯ ಸರಿಯಾಗಿಯೇ ಇತ್ತು, ದೊಡ್ಡ ಅಕ್ಷರದಲ್ಲಿ. ಟಿಕೆಟ್ ಬುಕ್ ಮಾಡುವ ಅಂಗಡಿಯವನು ಕೊಟ್ಟದ್ದನ್ನು ನಾಲ್ಕಾಗಿ ಮಡಚಿ ಪರ್ಸಿಗೆ ಹಾಕಿದವಳು ನಾನು. ಊರಿಗೆಲ್ಲ ಓದಿ ಹೇಳುವ ಯಮುನಕ್ಕ.

ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಹೋಗುವ ಮನೆಗೆ. ಮುಂದಿನ ತಿಂಗಳು ಪುನಃ ಬರುವ. ಗಾಡಿ ಎಲ್ಲಿಗೂ ಓಡಿ ಹೋಗುವುದಿಲ್ಲ" ಎಂದೆ. ನನಗೆ ನಗು ಬರಲಿಲ್ಲ. ಯಮುನಕ್ಕ ಟಿಕೆಟೇ ಓದಲಿಲ್ಲವಂತೆ ಎಂದು ಬೀಫಾತಿಮ ನಗುವುದು ಕಣ್ಣಿಗೆ ಕಟ್ಟಿತು, ಮೈಯೆಲ್ಲ ಉರಿಯಿತು. "ಮನೆಗೆ ಹೋಗುವುದು ಬೇಡ" ಎಂದೆ. ನೀನು ನನ್ನ ಮುಖ ನೋಡಿದೆ. ಮತ್ತೆ ಒಂದು ಮಾತೂ ಕೇಳದೆ ಬ್ಯಾಗು ಎತ್ತಿಕೊಂಡೆ. ಕುಂಬ್ಡಾಜೆಯಲ್ಲಿ ರಬ್ಬರ್ ತೋಟದ ನಡುವೆ ಇರುವ ನಿನ್ನ ಚಿಕ್ಕಮ್ಮನ ಮನೆಗೆ ಹೋಗಿ ಅಡಗಿ ಕೂತೆವು. ಕಿವಿ ಕೇಳದ ಆ ಚಿಕ್ಕಮ್ಮ ಯಾಕೆ ಬಂದಿರಿ ಎಂದು ಕೇಳಲಿಲ್ಲ, ಕೇಳಿದ್ದರೂ ನಾವು ಹೇಳಿದ್ದು ಅವರಿಗೆ ಕೇಳಿಸುತ್ತಿರಲಿಲ್ಲ. ಐದು ದಿನ ಜಡಿಮಳೆ, ಐದು ದಿನ ಹಲಸಿನ ಹಣ್ಣು. ಅದೇ ನಮ್ಮ ಮುಂಬೈ.

ಹಿಂದೆ ಬಂದ ಸಂಜೆ ಜಗಲಿಯಲ್ಲಿ ಜನ ಸೇರಿದ್ದು ನೆನಪುಂಟಾ? ಕಾಸರಗೋಡು ಪೇಟೆಯಲ್ಲಿ ಕೊಂಡ ಹಲ್ವವನ್ನು ಮುಂಬೈ ಹಲ್ವ ಎಂದು ಹಂಚಿದೆವು. ನಾನು ಹಲ್ವದ ಕಾಗದ ಮಡಚುತ್ತಾ ಕೂತೆ. ನೀನು ಶುರು ಮಾಡಿದೆ ನೋಡು! ಕಾದಂಬರಿಗಳಲ್ಲಿ ನಾನು ಓದಿದ್ದ ಮುಂಬೈಯನ್ನೆಲ್ಲ ನನ್ನ ಎದುರಿಗೇ ಕಂಡು ಬಂದವಳ ಹಾಗೆ ಹೇಳಿದೆ. ಎರಡಂತಸ್ತಿನ ಬಸ್ಸು, ಮೇಲೆ ಎದುರಿನ ಸೀಟಿನಲ್ಲಿ ನಾವಿಬ್ಬರೇ, ಗಾಳಿಗೆ ನನ್ನ ಜಡೆ ಬಿಚ್ಚಿ ಹೋದದ್ದು. ಸಮುದ್ರದ ಬದಿಯ ಉದ್ದದ ಗೋಡೆ, ಅದರ ಮೇಲೆ ಕೂತ ಸಾವಿರ ಜನ. ಕೊನೆಗೆ, "ಗಾಡಿಯಲ್ಲಿ ಹೋಗುವಾಗಲೂ ಬರುವಾಗಲೂ ಕಿಟಕಿ ನಾನೇ ಹಿಡಿದದ್ದು. ಪಾಪ, ಯಮುನಕ್ಕನಿಗೆ ಸಿಗಲೇ ಇಲ್ಲ" ಎಂದು ನನ್ನ ಕಡೆ ಕಣ್ಣು ಮಿಟುಕಿಸಿದೆ. ನನ್ನ ಮಾನ ಉಳಿಸಲು ನೀನು ಕಟ್ಟಿದ ಕತೆ ಅದು. ಅದನ್ನು ಹತ್ತು ವರ್ಷ ದಣಿಯದೆ ಹೇಳಿದೆ, ಪ್ರತಿ ಸಲ ಒಂದು ಹೊಸ ಬೀದಿ ಸೇರಿಸಿ.

ಆದರೆ ಆ ಸುಳ್ಳು ನಿನ್ನಿಂದ ಏನು ಕಿತ್ತುಕೊಂಡಿತು ಎಂದು ನನಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ. ಹೋಗಿ ಬಂದವರು ಪುನಃ ಎಂತಕ್ಕೆ ಹೋಗಬೇಕು? ಯಾರಿಗೆ ಏನೆಂದು ಹೇಳಿ ಹೊರಡುವುದು? ಹಾಗೆಯೇ ವರ್ಷಗಳು ಹೋದವು. ಡ್ರಿಪ್ ಹಾಕಿದ ಕೈಯನ್ನು ನನ್ನ ಕೈ ಮೇಲಿಟ್ಟು ಕೇಳಿದೆಯಲ್ಲ, "ಯಮುನಕ್ಕ, ಆ ಬಸ್ಸಿನ ಮೇಲೆ ನಿಜಕ್ಕೂ ಗಾಳಿ ಉಂಟಾ?" ಎಂದು. "ಉಂಟು" ಎಂದೆ. ಎಲ್ಲಿಂದ ಹೇಳಿದೆನೋ! ನೀನು ಹೋದ ದಿನ ಬೀಫಾತಿಮ ಕಣ್ಣೊರೆಸಿಕೊಂಡು, "ಮುಂಬೈಯಾದರೂ ನೋಡಿದಳಲ್ಲ, ಪಾಪ" ಎಂದಳು. ನನಗೆ ನೆಲ ಬಿರಿಯಬಾರದೇ ಅನಿಸಿತು. ಓದದಿದ್ದವಳು ನಾನು, ನೋಡದೆ ಹೋದವಳು ನೀನು.

ಈ ವಿಷು ಹಬ್ಬದ ಮರುದಿನ ಶೈಲು ಬಂದು ಟಿಕೆಟನ್ನು ನನ್ನ ಕೈಗೆ ಕೊಟ್ಟಳು. ಪಂಚಾಯತು ಕಚೇರಿಯಲ್ಲಿ ಕ್ಲಾರ್ಕ್ ಈಗ ಅವಳು. "ದೊಡ್ಡಮ್ಮ, ಒಂದು ವಾರ ರಜೆ ಹಾಕಿದ್ದೇನೆ. ಮುಂಬೈಗೆ ಹೋಗುವ. ಸುಮ್ಮನೆ." ಥೇಟ್ ನಿನ್ನ ಮಾತು! ನಾನು ಮೊದಲು ಮಾಡಿದ ಕೆಲಸ ಏನು ಹೇಳು? ಕನ್ನಡಕ ಹಾಕಿ ಟಿಕೆಟ್ ಓದಿದೆ. ಗಟ್ಟಿಯಾಗಿ ಓದಿದೆ. ಬೀಫಾತಿಮ ಬೇಲಿಯ ಆಚೆಯಿಂದಲೇ ಕೇಳಿದಳು, "ಎಂತ ಯಮುನಕ್ಕ, ಪುನಃ ಮುಂಬೈಯಾ? ಈ ಸಲವಾದರೂ ಕಿಟಕಿ ಬಿಡಬೇಡಿ ಆಯ್ತಾ!" ನಾನು ಕೆಮ್ಮಿ ಒಳಗೆ ಹೋದೆ.

ಗಾಡಿ ಹತ್ತಿದ ಸಂಜೆಯನ್ನು ಹೇಗೆ ಹೇಳಲಿ ನಿನಗೆ! ಕಾಸರಗೋಡು ಬಿಟ್ಟು ಇನ್ನೂ ಚಹಾ ಕೂಡ ತಣಿದಿರಲಿಲ್ಲ, ಧಡಧಡ ಎಂದು ಸೇತುವೆ ಬಂತು. ನಮ್ಮ ಸೇತುವೆ. ಮೂವತ್ತು ವರ್ಷ ಕೆಳಗಿನಿಂದ ಕೇಳಿದ ಸದ್ದು ಈಗ ನನ್ನ ಕಾಲಡಿಯಲ್ಲಿ. ತೆಂಗಿನ ಮರಗಳ ಸಂದಿಯಲ್ಲಿ ನಮ್ಮ ಹಂಚಿನ ಮಾಡು ಕಂಡಿತು, ಜಗಲಿ ಕಂಡಿತು, ಜಗಲಿಯಲ್ಲಿ ಎದ್ದು ನಿಂತು ಮೊರ ಬೀಸುತ್ತಿದ್ದ ಬೀಫಾತಿಮಳೂ ಕಂಡಳು. ಎಷ್ಟು ಸಣ್ಣ ಜಗಲಿ ಅದು ಗುಲಾಬಿ! ಅಷ್ಟರಲ್ಲಿ ನಾವು ಇಡೀ ಆಯುಸ್ಸು ಹೇಗೆ ಹಿಡಿದೆವು? ನಾನು ಕಿಟಕಿಯಿಂದ ಕೈ ಹಾಕಿ ಕೂಗಿದೆ. ಎದುರು ಸೀಟಿನ ಮಲಯಾಳಿ ಗಂಡಸರು ಗಾಬರಿಯಾಗಿ ಪೇಪರು ಇಳಿಸಿದರು. ಶೈಲು ನಕ್ಕಳು, ನನಗೆ ಕಣ್ಣಲ್ಲಿ ನೀರು.

ಬೆಳಿಗ್ಗೆ ಎದ್ದರೆ ಸುರಂಗ, ಸುರಂಗ ಮುಗಿದರೆ ಕಣಿವೆ, ಕಣಿವೆ ಮುಗಿಯುವ ಮೊದಲೇ ವಡಾಪಾವ್ ಮಾರುವವನು. ಮೂರು ತಿಂದೆ! ಮುಂಬೈ ಬಂದದ್ದು ಗೊತ್ತಾಗಬೇಕಾದರೆ ಕಣ್ಣು ಬೇಡ, ಕಿವಿ ಸಾಕು. ಲೋಕಲ್ ಗಾಡಿಯಲ್ಲಿ ಹೆಂಗಸರ ಡಬ್ಬಿಗೆ ನಾನು ಹತ್ತಿದ್ದಲ್ಲ, ಹತ್ತಿಸಲ್ಪಟ್ಟೆ. ಒಂದು ಚಪ್ಪಲಿ ಹೊರಗೇ ಉಳಿಯುವುದರಲ್ಲಿತ್ತು, ಯಾರೋ ಒಬ್ಬಳು ಕಾಲಿನಿಂದಲೇ ಒಳಗೆ ತಳ್ಳಿದಳು. ಒಳಗೆ ಒಬ್ಬಳು ಬಟಾಣಿ ಸುಲಿಯುತ್ತಾಳೆ, ಇನ್ನೊಬ್ಬಳು ಹೂ ಕಟ್ಟುತ್ತಾಳೆ. ನಮ್ಮ ಜಗಲಿಗೇ ಚಕ್ರ ಬಂದ ಹಾಗೆ ಅನಿಸಿತು. ನೀನು ಹೇಳಿದ್ದು ನಿಜ, ಇಲ್ಲಿ ಯಾರೂ "ಎಂತಕ್ಕೆ?" ಎಂದು ಕೇಳುವುದಿಲ್ಲ. ಮೊದಲ ಎರಡು ದಿನ ಹಾಯೆನಿಸಿತು. ಮೂರನೆಯ ದಿನ ಯಾರಾದರೂ ಕೇಳಿದರೆ ಚಂದ ಇತ್ತು ಎಂದೂ ಅನಿಸಿತು, ನಗಬೇಡ.

ನಿನ್ನೆ ಸಂಜೆ ಎರಡಂತಸ್ತಿನ ಬಸ್ಸು ಹತ್ತಿದೆವು. ಶೈಲು ನಿನ್ನ ನೀಲಿ ಸೀರೆ ಉಟ್ಟಿದ್ದಳು. ಮೇಲೆ ಎದುರಿನ ಸೀಟು ಖಾಲಿ ಇತ್ತು, ನಾನು ಓಡಿ ಹಿಡಿದೆ. ಆದರೆ ಗಾಳಿ ಎಲ್ಲಿ? ಈಗಿನದ್ದು ಏಸಿ ಬಸ್ಸಂತೆ, ಸುತ್ತ ಗಾಜು, ಒಂದು ಕೂದಲೂ ಅಲುಗಲಿಲ್ಲ. ಆಸ್ಪತ್ರೆಯಲ್ಲಿ ನಿನಗೆ "ಉಂಟು" ಎಂದಿದ್ದೆನಲ್ಲ ಎಂದು ಗಾಜಿನ ಸಂದಿಗೆ ಕೈಯಿಟ್ಟು ನೋಡಿದೆ. ಅಷ್ಟರಲ್ಲಿ ಶೈಲು ಸೆರಗನ್ನು ನನ್ನ ಮಡಿಲಲ್ಲಿ ಹರಡಿ ಒಂದು ಕಡೆ ಬೆರಳಿಟ್ಟಳು. ಅಂಗೈಯಗಲ ಕಂದು ಕಲೆ.

"ದೊಡ್ಡಮ್ಮ, ಹಲಸಿನ ಮೇಣ ಒಗೆದರೆ ಹೋಗುತ್ತದಾ?"

"ಎಲ್ಲಿ ಹೋಗುತ್ತದೆ?" ಎಂದೆ, ಏನೂ ಹೊಳೆಯದೆ.

"ಅಮ್ಮ ಮುಂಬೈಯಿಂದ ಬಂದ ದಿನ ಈ ಸೀರೆ ಒಗೆದದ್ದು ನಾನು. ಮುಂಬೈಯಲ್ಲಿ ಹಲಸಿನ ಮರ ಎಲ್ಲಿ ಸಿಕ್ಕಿತು ನಿಮಗೆ?"

ಹದಿನೈದು ವರ್ಷದ ಹುಡುಗಿಗೆ ಅಂದೇ ಗೊತ್ತಿತ್ತು ಗುಲಾಬಿ! ನೀನು ಬಣ್ಣ ಬಣ್ಣವಾಗಿ ಹೇಳುವಾಗಲೆಲ್ಲ ಬಾಗಿಲ ಬಳಿ ನಿಂತು ಕೇಳುತ್ತಿದ್ದಳಲ್ಲ, ಎಲ್ಲ ಗೊತ್ತಿದ್ದೇ ಕೇಳುತ್ತಿದ್ದದ್ದು. "ಮತ್ತೆ ಯಾಕೆ ಸುಮ್ಮನಿದ್ದೆ?" ಎಂದು ಕೇಳಿದೆ. "ಅಮ್ಮ ಅಷ್ಟು ಚಂದ ಹೇಳುತ್ತಿದ್ದಳು ದೊಡ್ಡಮ್ಮ. ಕೆಲಸಕ್ಕೆ ಸೇರಿದ ಮೇಲೆ ಒಮ್ಮೆ ನಿಜಕ್ಕೂ ಕರೆದುಕೊಂಡು ಬರಬೇಕೆಂದಿದ್ದೆ. ಅಷ್ಟರಲ್ಲಿ..." ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ: ಮಡಚಿಟ್ಟ ಟಿಕೆಟು, ಬೆಂಚು, ನನ್ನ ಜಂಬ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟದ್ದು. ಕೇಳಿ ಕೇಳಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆ ಬೆಂಚಿನಲ್ಲಿ ನೀನು ನಕ್ಕ ಹಾಗೆಯೇ. ಈ ಸಲ ನನಗೂ ನಗು ಬಂತು. ಬಸ್ಸಿನಿಂದ ಇಳಿದು ಸಮುದ್ರದ ಬದಿಯ ಗೋಡೆಯ ಮೇಲೆ ಕೂತೆವು. ಎಂಥ ಗಾಳಿ ಅಲ್ಲಿ! ನನ್ನ ಜಡೆ ಬಿಚ್ಚಿಯೇ ಹೋಯಿತು. ಗಾಳಿ ಉಂಟು ಗುಲಾಬಿ. ಬಸ್ಸಿನಲ್ಲಲ್ಲ, ಗೋಡೆಯ ಮೇಲೆ. ಅಷ್ಟನ್ನು ತಿದ್ದಿಕೋ.

ಊರಿಗೆ ಹೋದ ಮೇಲೆ ಏನು ಮಾಡುವುದೆಂದು ಈಗ ನಿಶ್ಚಯ ಮಾಡಿದ್ದೇನೆ. ಬೀಫಾತಿಮಳ ಮೊರದ ಎದುರು ಕೂತು ಈ ಕಾಗದವನ್ನೇ ಗಟ್ಟಿಯಾಗಿ ಓದುತ್ತೇನೆ, ಒಂದು ಸಾಲೂ ಬಿಡದೆ. ನಗುವುದಾದರೆ ನಗಲಿ. ನನ್ನ ಮಾನವನ್ನು ನೀನು ಹತ್ತು ವರ್ಷ ಹೊತ್ತದ್ದು ಸಾಕು, ಇನ್ನು ನಾನೇ ಹೊರುತ್ತೇನೆ. ಕತೆ ಹೇಳುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ ಎಂದು ಅವಳಿಗೂ ಗೊತ್ತಾಗಲಿ.

ಬರುವಾಗ ಕಿಟಕಿಯ ಹತ್ತಿರ ನಿನ್ನ ನೀಲಿ ಸೀರೆ ಉಟ್ಟ ಶೈಲು ಕೂರುತ್ತಾಳೆ. ಹೋಗುವಾಗ ನನಗೆ, ಬರುವಾಗ ನಿನಗೆ, ಅದು ನ್ಯಾಯ. ಗಾಡಿ ನಾಳೆ ಮಧ್ಯಾಹ್ನ. ಟಿಕೆಟ್ ಬಿಚ್ಚಿ ಮೂರು ಸಲ ಓದಿದ್ದೇನೆ.

ನಿನ್ನ
ಯಮುನಕ್ಕ