ಪರೀಕ್ಷೆಗೆ ಕಳಿಸಿದ ಕಟುಕರೋಹಿಣಿ

ಶಹಾಪುರ,
ಸೆಪ್ಟೆಂಬರ್ 9, 1997

ನನ್ನ ಮುದ್ದು ಮೊಮ್ಮಗಳು ಭೀಮಾಬಾಯಿಗೆ ಅಜ್ಜನ ಅಕ್ಕರೆಯ ಹರಕೆಗಳು.

ಹೇಗಿದ್ದೀ ನನ್ನವ್ವಾ? ಆ ಹಿಮಾಲಯದ ಚಳಿಗೆ ಕೆಮ್ಮು ಮತ್ತೆ ಕೆರಳಿಲ್ಲ ತಾನೆ? ಉಣ್ಣೆಯ ಶಾಲು ಪೆಟ್ಟಿಗೆಯಲ್ಲಿದ್ದರೆ ಮೈ ಬೆಚ್ಚಗಾಗುವುದಿಲ್ಲ ಎಂದು ನಿಮ್ಮವ್ವ ಲಾಲಮ್ಮ ಪಕ್ಕದಲ್ಲಿ ನಿಂತು ಬರೆಸಿ ಹೋದಳು. ಮನೆಯಲ್ಲಿ ಎಲ್ಲರೂ ಕ್ಷೇಮ. ಕಾಲುವೆ ತುಂಬಿ ಹರಿಯುತ್ತಿದೆ, ಜೋಳ ಬೆಳೆಯುತ್ತಿದ್ದ ಹೊಲಗಳಲ್ಲೆಲ್ಲ ಭತ್ತ ನಿಂತಿದೆ, ಸೊಳ್ಳೆಗಳಿಗೆ ಸುಗ್ಗಿ. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವುದರಲ್ಲೇ ಮೂರು ಸಲ ಎದ್ದು ಬಾಗಿಲ ತನಕ ಹೋಗಿ ಬಂದೆ.

ಇದರ ಜೊತೆ ಒಂದು ಪೊಟ್ಟಣ ಕಳಿಸಿದ್ದೇನೆ. ಗಿಡಮೂಲಿಕೆ ಮಾರುವ ಬಾಷುಮಿಯಾ ಹೈದರಾಬಾದಿನಿಂದ ತಂದುಕೊಟ್ಟ ಕಟುಕರೋಹಿಣಿ ಬೇರು. ಹತ್ತು ಸಾವಿರ ಅಡಿ ಎತ್ತರದಲ್ಲಿ, ನೀನೀಗ ಓಡಾಡುವ ಬೆಟ್ಟಗಳಲ್ಲೇ ಬೆಳೆದದ್ದು ಎಂದು ಆಣೆ ಮಾಡುತ್ತಾನೆ. ನಿನ್ನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿ ಅಸಲಿಯೋ ನಕಲಿಯೋ ತಂತಿ ಕೊಡು. ನಲವತ್ತು ವರ್ಷ ಕಣ್ಣು ಹಳದಿಯಾದವರಿಗೆ ಕಾಮಣಿ ಔಷಧ ಕೊಟ್ಟವನು ಮೊಮ್ಮಗಳನ್ನು ಕೇಳುತ್ತಿದ್ದಾನೆಂದು ನಗಬೇಡ. ನಗುವುದಿದ್ದರೂ ತಂತಿ ಕೊಟ್ಟು ನಗು.

ಹೋದ ಕಾಗದದಲ್ಲಿ ನೀನು ಬರೆದದ್ದಕ್ಕೆ ನಾನು ಉರಿದುಬಿದ್ದಿದ್ದೆ. ಈ ಬೇರು ಇಲಿಗಳ ಯಕೃತ್ತಿಗೆ ಗುಣ ಕೊಟ್ಟದ್ದು ನಿಜ, ಮನುಷ್ಯರಲ್ಲಿ ನೋಡಿರುವುದು ಕೆಲವೇ ರೋಗಿಗಳನ್ನು, ಬಸುರಿಯರಿಗೆ ಕೊಡಬಹುದೆಂದು ಯಾರೂ ತೋರಿಸಿಲ್ಲ, ಬಸುರಿಗೆ ಕಾಮಣಿ ಬಂದರೆ ಮೊದಲು ದವಾಖಾನೆ ಎಂದು ನೀನು ಬರೆದಿದ್ದೆ. ನಮ್ಮಪ್ಪ ಇಲಿಯನ್ನು ಕೇಳಿ ವೈದ್ಯ ಕಲಿತಿರಲಿಲ್ಲ ಎಂದು ಮನೆ ತುಂಬ ಹಾರಾಡಿದೆ. ಆದರೆ ಎಷ್ಟೋ ಜನರ ಕಾಮಣಿ ತಾನಾಗಿಯೇ ಇಳಿಯುತ್ತದೆ ಎಂಬ ನಿನ್ನ ಸಾಲು ಗಂಟಲಲ್ಲಿ ಮುಳ್ಳಾಗಿ ಕೂತಿದೆ. ನಾನು ವಾಸಿ ಮಾಡಿದವರೆಷ್ಟು, ತಾವೇ ವಾಸಿಯಾದವರೆಷ್ಟು?

ಈಗ ವಿಷಯಕ್ಕೆ ಬರುತ್ತೇನೆ. ಭತ್ತದ ಕೆಲಸಕ್ಕೆ ಬಂದಿರುವ ಕ್ಯಾಂಪಿನ ಕೂಲಿಯವರು ಕಾಲುವೆ ನೀರನ್ನೇ ಕುಡಿದು ಮನೆಗೊಬ್ಬರ ಕಣ್ಣು ಹಳದಿಯಾಗಿದೆ. ಅಲ್ಲಿಂದ ಅಂಬ್ರಪ್ಪನೆಂಬವನು ಹೆಂಡತಿ ಕರೆಮ್ಮನನ್ನು ಕರೆತಂದ. ಏಳು ತಿಂಗಳ ಬಸುರಿ. ನಿನ್ನ ಕಾಗದ ನೆನಪಾಯಿತು. ನೆನಪಾದದ್ದಕ್ಕೇ ಸಿಟ್ಟು ಬಂದು ಇದೇ ಬೇರು ತೇಯ್ದು ಕೊಟ್ಟೆ. ಇಂದಿಗೆ ಐದು ದಿನ. ಹಳದಿ ಇಳಿದಿಲ್ಲ. ನಿನ್ನೆಯಿಂದ ಅನ್ನ ಮುಟ್ಟಿಲ್ಲ, ಹಗಲೆಲ್ಲ ತೂಕಡಿಸುತ್ತಾಳಂತೆ.

ನಮ್ಮಪ್ಪ ಹಾಕಿಕೊಟ್ಟ ಕಟ್ಟಳೆ ನಿನಗೆ ಗೊತ್ತು. ರೋಗಿಗೆ ಕೊಡುವ ಮೊದಲು ಬೇರಿನ ಚೂರು ವೈದ್ಯನ ನಾಲಿಗೆಯ ಮೇಲೆ. ಒಂದು ಬೀಡಿ ಸೇದಿ ಮುಗಿಸುವ ತನಕ ಕಹಿ ಇಳಿಯದಿದ್ದರೆ ಅಸಲಿ. ಭೀಮಾ, ಹೋದ ಚಳಿಗಾಲದ ಜ್ವರ ಬಿಟ್ಟ ಮೇಲೆ ನನ್ನ ನಾಲಿಗೆಗೆ ಬೇವೂ ಒಂದೇ, ಬೆಲ್ಲವೂ ಒಂದೇ. ಯಾರಿಗೂ ಹೇಳಿಲ್ಲ. ಲಾಲಮ್ಮನಿಗೆ ಕೊಟ್ಟು ನೆಕ್ಕಿ ನೋಡು ಎಂದಿದ್ದರೂ ಆಗುತ್ತಿತ್ತು, ಆದರೆ ಈ ವೈದ್ಯನ ಬಂಡವಾಳ ಬಯಲಾಗುತ್ತದಲ್ಲ. ಬೇರು ಬಾಯಿಗಿಟ್ಟು ರೂಢಿಯಂತೆ ಮುಖ ಕಿವುಚುತ್ತೇನೆ, ಅಷ್ಟೆ. ಕರೆಮ್ಮನ ಎದುರಿಗೂ ಕಿವುಚಿದೆ. ಅಂಬ್ರಪ್ಪ ನಕ್ಕು ಅವಳಿಗೆ, "ಅಜ್ಜಾರ ಮಾರಿ ನೋಡಿದಿ? ಔಷಧ ಖರೇ ಅದ. ಕಣ್ ಮುಚ್ಚಿ ಕುಡಿ" ಎಂದ. ಆ ಮಾತು ನೆನೆದರೆ ನಾಚಿಕೆಯಾಗುತ್ತದೆ, ಹೆದರಿಕೆಯೂ ಆಗುತ್ತದೆ. ನಿನ್ನ ತಂತಿ ಬರಲು ಎಂಟು ಹತ್ತು ದಿನವಾದೀತು. ಅಲ್ಲಿಯ ತನಕ ಅವಳಿಗೆ ಏನು ಹೇಳಲಿ?

ವೇಳೆಗೆ ಸರಿಯಾಗಿ ಉಣ್ಣು. ನಿನ್ನ ವಿದ್ಯೆ ನೂರು ಮಂದಿಗೆ ನೆರಳಾಗಲಿ, ನನ್ನದರಂತೆ ಹಟಕ್ಕೆ ಬೀಳದಿರಲಿ.

ನಿನ್ನ ಅಜ್ಜ,
ಮಲ್ಕಪ್ಪ ವೈದ್ಯ

ತಾ.ಕ.: ಕಾಗದ ಮಡಚುವಾಗ ಅಂಬ್ರಪ್ಪ ಓಡಿ ಬಂದ. ಕರೆಮ್ಮ ಗಂಡನ ಗುರುತನ್ನೇ ಹಿಡಿಯುತ್ತಿಲ್ಲ. ಓಣಿಯ ಮಂದಿಯ ಎದುರೇ ಹೇಳಿಬಿಟ್ಟೆ: "ತಮ್ಮಾ, ನನಗ ಕಹಿ ತಿಳಿಯಂಗಿಲ್ಲ. ಏನ್ ಕೊಟ್ಟೀನೋ ನನಗ ಗೊತ್ತಿಲ್ಲ." ಹೊಡೆಯುತ್ತಾನೆ ಎಂದುಕೊಂಡೆ. "ಮೊದಲೇ ಅಂದಿದ್ರ ದವಾಖಾನಿಗಿ ಒಯ್ತಿದ್ನೆಲ್ರಿ ಅಜ್ಜಾರ" ಎಂದ, ಮೆಲ್ಲಗೆ. ಹೊಡೆದಿದ್ದರೆ ಚೆನ್ನಾಗಿತ್ತು. ಕರೆಮ್ಮನನ್ನು ದವಾಖಾನೆಗೆ ಒಯ್ಯುವ ಜೀಪು ಬರುವ ತನಕ ಇಷ್ಟು ಬರೆಯುತ್ತಿದ್ದೇನೆ. ನಾನೂ ಗುಲಬರ್ಗಾಕ್ಕೆ ಹೊರಟಿದ್ದೇನೆ, ಕೊಟ್ಟದ್ದೇನೆಂದು ಡಾಕ್ಟರಿಗೆ ನಾನೇ ಹೇಳಬೇಕು. ಪೊಟ್ಟಣ ಪರೀಕ್ಷೆ ಮಾಡು. ಆದರೆ ಬೇರು ಅಸಲಿ ಎಂದು ಬರೆದು ನನ್ನನ್ನು ಸಮಾಧಾನ ಮಾಡಬೇಡ. ಅಸಲಿಯೇ ಆಗಿದ್ದರೂ ಐದು ದಿನ ಅವಳನ್ನು ತಡೆದವನು ನಾನೇ.