ಪರದೆ ಆರಿಸಿ ಹೋದವರು

ಗೋಪನಕೊಪ್ಪ, ಹುಬ್ಬಳ್ಳಿ
೧೪ ಮೇ ೨೦೦೪, ಶುಕ್ರವಾರ

ನನ್ನ ಮುದ್ದಿನ ಶಾಂಭವಿಗೆ ಅವ್ವನ ತುಂಬು ಮನಸ್ಸಿನ ಆಶೀರ್ವಾದ.

ನಾನು ಆರಾಮ ಇದ್ದೇನೆ. ಹೀಗೆ ಬರೆಯುವುದು ರೂಢಿ, ಅದಕ್ಕೆ ಬರೆದೆ. ಖರೆ ಹೇಳಬೇಕೆಂದರೆ ಮಂಗಳವಾರದಿಂದ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಗಾಬರಿ ಬೀಳಬೇಡ, ಜ್ವರವಿಲ್ಲ, ಬೇನೆಯಿಲ್ಲ. ಬರೀ ಹೇಸಿಗೆ. ತಲೆಗೆ ಎರಕೊಂಡು ಬಂದರೂ ಹೋಗದಂಥ ಹೇಸಿಗೆ.

ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಹಾಸ್ಟೆಲ್ಲಿನ ಫೋನು ವಾರ್ಡನ್ ಬಾಯಿಯವರ ಕುರ್ಚಿಗೆ ಅಂಟಿಕೊಂಡೇ ಇದೆ. ಇ-ಮೇಲ್ ಮಾಡಬಹುದಿತ್ತು, ಟೈಪಿಂಗ್ ಕ್ಲಾಸಿನ ಮಶೀನುಗಳನ್ನು ಮಾರಿ ಆ ಜಾಗದಲ್ಲಿ ಕಂಪ್ಯೂಟರ್ ಹಾಕಿಕೊಂಡು ನೆಟ್ ಸೆಂಟರ್ ನಡೆಸುವವಳು ನಾನು. ಆದರೆ ಈ ಮಾತನ್ನು ಅದರಲ್ಲಿ ಬರೆಯಲು ಕೈ ಹಿಂದೆ ಸರಿಯಿತು. ನಮ್ಮಲ್ಲಿ ಝೆರಾಕ್ಸ್ ನೋಡಿಕೊಳ್ಳುವ ಅಬೀದಾ ನಾಳೆ ತನ್ನ ತಾಯಿಯನ್ನು ತೋರಿಸಲು ನಿಮ್ಮ ಹಾಸ್ಟೆಲ್ ಹತ್ತಿರದ ಸತ್ತೂರಿನ ದವಾಖಾನೆಗೆ ಬರುತ್ತಾಳೆ. ಅವಳ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತೇನೆ. ಒಬ್ಬಳೇ ಕುಳಿತು ಓದು.

ವಿಷಯ ನಿನಗೆ ಮಾವನಾಗಬೇಕಾದ ಮಹಾಂತಯ್ಯನವರದು. ಇಪ್ಪತ್ನಾಲ್ಕಕ್ಕೆ ನಿಶ್ಚಯ ಇಟ್ಟುಕೊಂಡು ಈಗ ಇದನ್ನು ಬರೆಯಬೇಕಾಗಿದೆ.

ಅವರು ಹೆಣ್ಣು ನೋಡಲು ಬಂದ ದಿನ ನಾನು ಒಂದೇ ಒಂದು ಮಾತು ಕೇಳಿದ್ದೆ. ನಿನ್ನ ಅಪ್ಪ ಹೋದ ಮೇಲೆ ಯಾರ ಮನೆಯ ಮದುವೆಯಲ್ಲೂ ನನ್ನನ್ನು ಆರತಿಗೆ ಕರೆದಿಲ್ಲ, ನಾನೂ ಮುಂದೆ ಹೋಗಿಲ್ಲ. ಮಂದಿಯ ಮನೆಯದು ಹಾಗಿರಲಿ. ನನ್ನ ಮಗಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಖಣ ಇಟ್ಟು ಉಡಿ ತುಂಬುವ ಕೈ ಮಾತ್ರ ನನ್ನದಾಗಿರಬೇಕು ಎಂದೆ. ಮಹಾಂತಯ್ಯನವರು ಎರಡೂ ಕೈ ಜೋಡಿಸಿ ಹೇಳಿದರು:

"ಅದನ್ನೇನ ಕೇಳ್ತೀರಿ ಅಕ್ಕಾರ? ಹಡದ ತಾಯಿಗಿಂತ ದೊಡ್ಡ ಮುತ್ತೈದಿ ಯಾರದಾರ್ರೀ? ನಿಮ್ಮ ಕೈಲೇನ ತುಂಬ್ರಿ."

ನಾನು ಚಹಾ ತರುವ ನೆಪದಲ್ಲಿ ಒಳಗೆ ಹೋಗಿ ಅತ್ತೆ. ಒಗ್ಗರಣೆಯ ಹೊಗೆ ಎಂದು ನಿನಗೆ ಸುಳ್ಳು ಹೇಳಿದೆ. ಅವತ್ತು ಒಲೆಯ ಮೇಲೆ ಒಗ್ಗರಣೆ ಇರಲಿಲ್ಲ.

ಇನ್ನೊಂದು ಸಂಗತಿ ನಿನಗೆ ಗೊತ್ತಿಲ್ಲ. ನೀನು ಹಾಸ್ಟೆಲ್ ಸೇರಿದ ಮೇಲೆ ಸಂಜೆ ಮಾತಿಗೆ ಯಾರೂ ಇರುತ್ತಿರಲಿಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡ ಕಡೆಯವರು ಇಂಟರ್‌ನೆಟ್‌ನಲ್ಲಿ ಒಂದು ಗ್ರೂಪ್ ಮಾಡಿಕೊಂಡಿದ್ದಾರೆ. ಒಬ್ಬರು ಬರೆದದ್ದು ಎಲ್ಲರಿಗೂ ಕಾಣುತ್ತದೆ, ಎಲ್ಲರೂ ಉತ್ತರ ಬರೆಯಬಹುದು. ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬಡಿಯುತ್ತಾರೆ. ಹಿಟ್ಟಿನ ಗಿರಣಿಯಿಂದ ಹಿಡಿದು ವಚನದವರೆಗೆ ಎಲ್ಲದರ ಮಾತೂ ಅಲ್ಲಿ ನಡೆಯುತ್ತದೆ. ನಾನೂ ಸೇರಿದೆ. ನನ್ನ ಹೆಸರು ಹಾಕಲು ನಾಚಿಕೆ; ನಿನ್ನ ಅಜ್ಜಿಯ ಹೆಸರು ಹಾಕಿದೆ, ಚನ್ನಬಸವ್ವ. ಹಾಗೆ ಬರೆಯುವಾಗ ಯಾರೋ ನನ್ನ ಮಾತಿಗೆ ಕುರ್ಚಿ ಹಾಕಿ ಕೂಡ್ರಿಸಿದಂತೆ ಅನ್ನಿಸುತ್ತಿತ್ತು.

ಚಳಿಗಾಲದಲ್ಲಿ ಮದುವೆಯ ಪದ್ಧತಿಗಳ ಚರ್ಚೆ ಬಂತು. ನಾನು ಬರೆದೆ: ಒಂಬತ್ತು ತಿಂಗಳು ಹೊತ್ತವಳ ಕೈ ಮಗಳ ಮದುವೆಯ ದಿನ ಮಾತ್ರ ಅಪಶಕುನ ಆಗುವುದು ಹೇಗೆ, ಯಾರಾದರೂ ತಿಳಿಸಿ ಹೇಳಿ ಎಂದು. ಕೇಳಿದ್ದು ಅಷ್ಟೇ. ಆವತ್ತಿನಿಂದ ಒಬ್ಬನು ಬೆನ್ನು ಹತ್ತಿದ. 'ಗಂಡುಮೆಟ್ಟಿನವ' ಎಂದು ಅವನ ಹೆಸರು. ನನ್ನ ಬರವಣಿಗೆ ಪುಸ್ತಕದ ಕನ್ನಡದಲ್ಲಿದ್ದುದರಿಂದ ನಾನು ಬೆಂಗಳೂರಿನವಳೆಂದು ಅವನೇ ತೀರ್ಮಾನ ಮಾಡಿಕೊಂಡ. ನಾನು ಸಾರಿನ ಪುಡಿಯ ಬಗ್ಗೆ ಬರೆದರೂ ಬಂದು ಉಗುಳಿ ಹೋಗುತ್ತಿದ್ದ. ಏನೇನು ಬರೆದ ಎಂದು ನಿನಗೆ ಹೇಳಲಾರೆ. ನಿನ್ನ ವಯಸ್ಸಿನ ಮಗಳಿಗೆ ತಾಯಿ ಹೇಳುವ ಶಬ್ದಗಳಲ್ಲ ಅವು.

ಇವನಿಗಿಂತ ಹೆಚ್ಚು ಹೇಸಿಗೆ ಹುಟ್ಟಿಸಿದ್ದು ಉಳಿದವರು. ನಕ್ಕರು. ಭಲೇ ಎಂದರು. ಹಳೇ ಹುಬ್ಬಳ್ಳಿಯ ಕಮರುದ್ದೀನ ಎಂಬವರೊಬ್ಬರು ಮಾತ್ರ ಹೆಣ್ಣುಮಕ್ಕಳ ಜೊತೆ ಹೀಗೆ ಮಾತಾಡುವುದು ನಮ್ಮ ಕಡೆಯ ರೀತಿಯಲ್ಲ ಎಂದು ಬರೆದರು. ಆಮೇಲೆ ಉಳಿದವರು ಅವರ ಜಾತಿ, ಅವರ ತಾಯಿ, ಅವರ ದೇವರು ಯಾವುದನ್ನೂ ಬಿಡಲಿಲ್ಲ. ಆ ಮನುಷ್ಯ ಎಲ್ಲರಿಗೂ ನಮಸ್ಕಾರ ಎಂದು ಬರೆದು ಗ್ರೂಪ್ ಬಿಟ್ಟು ಹೋದರು. ನಾನು ಬಿಡಲಿಲ್ಲ. ಬಿಟ್ಟರೆ ಅವನು ಗೆದ್ದೆ ಅಂದುಕೊಳ್ಳುತ್ತಾನಲ್ಲ ಎಂಬ ಹಟ. ಪ್ರತಿ ಸಲವೂ 'ತಾವು ಹೀಗೆ ಬರೆಯಬಾರದು' ಎಂದೇ ಉತ್ತರ ಕೊಟ್ಟೆ.

ಮಹಾಂತಯ್ಯನವರು ಅರಳೆ ಅಂಗಡಿಯನ್ನು ಮಗ ಅಮರೇಶನಿಗೆ ವಹಿಸಿಕೊಟ್ಟ ಮೇಲೆ ಸಂಜೆ ಬಿಡುವಾಗಿರುತ್ತಾರೆ. ಸಂಬಂಧ ಕುದುರಿದಂದಿನಿಂದ ಅರಳೆಯ ಧಾರಣೆ ನೋಡುತ್ತೇನೆಂದು ನಮ್ಮಲ್ಲಿಗೇ ಬರತೊಡಗಿದರು. ಅವರ ಸಭ್ಯತೆ ಏನು ಹೇಳಲಿ. ಚಪ್ಪಲಿ ಹೊರಗೆ ಬಿಡುತ್ತಿದ್ದರು. ಕೀಬೋರ್ಡ್ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು, ವಿದ್ಯೆ ಎಂದು. ಅಬೀದಾಳಿಗೂ 'ಹೆಂಗದೀರಿ ತಂಗೆವ್ವ, ನಿಮ್ಮ ಅಮ್ಮಾರು ಆರಾಮದಾರೇನ್ರಿ' ಎಂದು ಕೇಳಿಯೇ ಒಳಗೆ ಹೋಗುವುದು. ಏಳುವಾಗ ಕುರ್ಚಿಯನ್ನು ಎತ್ತಿ ಒಳಗೆ ಸರಿಸುತ್ತಿದ್ದರು, ನೆಲಕ್ಕೆ ಉಜ್ಜಿ ಸಪ್ಪಳವಾಗಬಾರದಂತೆ. ಎಂಥ ಮನೆ ಸಿಕ್ಕಿತು ನನ್ನ ಮಗಳಿಗೆ ಎಂದು ನಾನು ಹಿಗ್ಗಿದ್ದೇ ಹಿಗ್ಗಿದ್ದು.

ಅವರಿಗೆ ಒಂದು ತಿಳಿಯದು. ಏಳುವ ಮೊದಲು ಮಾನಿಟರಿನ ಗುಂಡಿ ಒತ್ತಿ ಪರದೆ ಆರಿಸುತ್ತಾರೆ. ಟೀವಿ ಆರಿಸಿದಂತೆ ಅಲ್ಲಿಗೆ ಎಲ್ಲವೂ ಮುಗಿಯಿತೆಂದು ಅವರ ತಿಳಿವಳಿಕೆ. ಒಳಗೆ ಮಶೀನು ನಡೆದೇ ಇರುತ್ತದೆ. ದಿನಾಲೂ ಅಬೀದಾ ಅದನ್ನು ಬಂದ್ ಮಾಡುತ್ತಿದ್ದಳು. ಅವಳಿಗೆ ಇಂಗ್ಲಿಷ್ ಅಕ್ಷರದ ಕನ್ನಡ ಓದುವ ಗೊಡವೆ ಇಲ್ಲ. ಮಂಗಳವಾರ ಅವಳು ಲಗೂ ಮನೆಗೆ ಹೋಗಿದ್ದಳು. ಬಂದ್ ಮಾಡಲೆಂದು ನಾನು ಗುಂಡಿ ಒತ್ತಿದೆ, ಪರದೆ ಹೊತ್ತಿತು. ಅರಳೆಯ ಧಾರಣೆ ಇರಲಿಲ್ಲ. ನಮ್ಮ ಗ್ರೂಪ್ ಇತ್ತು. ಮೇಲೆ ಹೆಸರು, ಗಂಡುಮೆಟ್ಟಿನವ. ಕೆಳಗೆ ಆಗಷ್ಟೇ ನನಗೆ ಬರೆದು ಕಳಿಸಿದ್ದು. ಎರಡೇ ಸಾಲು ಬರೆಯುತ್ತೇನೆ, ನೀನು ತಿಳಿದಿರಬೇಕೆಂದು:

"ಗಂಡನ್ನ ತಿಂದ ನಾಲಿಗಿ ಈಗ ಊರಿಗೆ ಬುದ್ಧಿ ಹೇಳಾಕ ಬಂದೈತಿ. ಇಂಥಾಕಿ ಕೈಲೆ ಉಡಿ ತುಂಬಿಸ್ಕೊಂಡ್ರ ಆ ಹುಡುಗಿ ಉಡಿನೂ ಬರಿದ ಆಕ್ಕೈತಿ."

ಆ ಹುಡುಗಿ ನೀನು, ಶಾಂಭವಿ. ಪಕ್ಕದಲ್ಲಿ ನಾನೇ ಕೊಟ್ಟ ಚಹಾದ ಕಪ್ಪು ಇತ್ತು, ಬಶಿಯ ಮೇಲೆ ನೀಟಾಗಿ ಬೋರಲು ಹಾಕಿತ್ತು.

ಬುಧವಾರ ಕಣ್ಣಿಗೆ ಬೀಳಲಿಲ್ಲ. ನಿನ್ನೆ ಬಂದರು. ಚಪ್ಪಲಿ ಬಿಟ್ಟರು, ಕೈ ಮುಗಿದರು, ಅಬೀದಾಳ ತಾಯಿಯನ್ನು ವಿಚಾರಿಸಿದರು. ನಾನು ಪಕ್ಕಕ್ಕೆ ಕರೆದು, ಪರದೆ ಆರಿಸಿದರೆ ಒಳಗಿನದು ಆರುವುದಿಲ್ಲ, ಮಂಗಳವಾರ ನೀವು ಬರೆದದ್ದು ನೋಡಿದೆ ಎಂದೆ. ಬೆವರಲಿಲ್ಲ, ತಡವರಿಸಲಿಲ್ಲ. ಅದೇ ಹಾಲಿನಂಥ ದನಿಯಲ್ಲಿ, ಅದು ಅಲ್ಲಿಯ ರೀತಿ, ಅಲ್ಲಿ ಎಲ್ಲರೂ ಹಾಗೇ ಬರೆಯುತ್ತಾರೆ, ಅಲ್ಲಿರುವವರು ಹೆಣ್ಣೋ ಗಂಡೋ ಯಾರಿಗೆ ಗೊತ್ತು ಎಂದರು. ಆ ಚನ್ನಬಸವ್ವ ನಾನೇ ಎಂದೆ.

ಆಗ ಒಂದು ಗಳಿಗೆ ಮುಖ ಕಪ್ಪಿಟ್ಟಿತು. ಕ್ಷಮೆ ಕೇಳುತ್ತಾರೆ ಅಂದುಕೊಂಡೆ. ಕೇಳಿದ್ದರೆ ಹುಚ್ಚಿಯ ಹಾಗೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದೆನೇನೋ.

"ನೀವಂತ ಗೊತ್ತಿದ್ರ ಬರೀತಿದ್ದಿಲ್ರಿ ಅಕ್ಕಾರ," ಎಂದರು.

ಎಲ್ಲಕ್ಕಿಂತ ಹೇಸಿಗೆ ಆದದ್ದು ಆಗ. ಬೈಗುಳಕ್ಕಲ್ಲ, ಈ ಮಾತಿಗೆ. ನಾನಲ್ಲದಿದ್ದರೆ ಬರೆಯಬಹುದು. ಗುರುತಿನವಳಿಗೆ ರೀ, ಗುರುತಿಲ್ಲದವಳಿಗೆ ಎಂಜಲು. ಇಷ್ಟು ವರ್ಷ ನಮ್ಮ ಕಡೆಯ ಮಾತಿನ ಮರ್ಯಾದೆ ಎಂದು ಎದೆ ಉಬ್ಬಿಸಿದೆವಲ್ಲ, ಇವರ ಪಾಲಿಗೆ ಅದು ಚಪ್ಪಲಿಯಂಥದ್ದು. ಹೊಸ್ತಿಲಲ್ಲಿ ಬಿಟ್ಟು, ಹೋಗುವಾಗ ಮೆಟ್ಟಿಕೊಂಡು ಹೋಗುವಂಥದ್ದು. ಬಾಯಲ್ಲಿ ಬಸಪ್ಪ ಹೊಟ್ಟೆಯಲ್ಲಿ ವಿಷಪ್ಪ ಎಂದು ನಿನ್ನ ಅಜ್ಜಿ ಅನ್ನುತ್ತಿದ್ದಳು. ಎಂಥವರನ್ನು ನೋಡಿ ಅನ್ನುತ್ತಿದ್ದಳೋ ಈಗ ತಿಳಿಯಿತು. ಅವರು ಹೋದ ಮೇಲೆ ಆ ಕೀಬೋರ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಮತ್ತೆ ಒರೆಸಿದೆ. ಮುಟ್ಟಲು ಇನ್ನೂ ಆಗುತ್ತಿಲ್ಲ.

ಇವತ್ತು ಬೆಳಿಗ್ಗೆ ಅವರ ಮನೆಯಿಂದ ಆಪೂಸ್ ಮಾವಿನ ಬುಟ್ಟಿ ಬಂದಿದೆ. ಬಾಗಿಲ ಬಳಿಯೇ ಇದೆ. ವಾಸನೆ ಮನೆ ತುಂಬಿದೆ, ನಾನು ಒಂದನ್ನೂ ಮುಟ್ಟಿಲ್ಲ.

ಇಷ್ಟೆಲ್ಲ ಬರೆದೆನೆಂದು ಸಂಬಂಧ ಮುರಿದುಕೋ ಎಂದು ಹೇಳುತ್ತಿಲ್ಲ. ಅಪ್ಪನ ನಾಲಿಗೆಗೆ ಮಗನನ್ನು ಹೊಣೆ ಮಾಡಬಾರದು. ಅಮರೇಶ ಬೇರೆ ಥರದ ಹುಡುಗ. ನಿನ್ನನ್ನು ಸ್ಕೂಟರಿನ ಮೇಲೆ ಸತ್ತೂರಿಗೆ ಬಿಟ್ಟು ಹೋದ ದಿನ ಫೋನಿನಲ್ಲಿ ನಿನ್ನ ದನಿ ಹೇಗಿತ್ತೆಂದು ನನಗೆ ನೆನಪಿದೆ. ನೀನು ಹಾಗೆ ನಗುವುದನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಆ ದನಿಗೋಸ್ಕರ ಇದನ್ನು ನುಂಗಿಕೊಳ್ಳುತ್ತೇನೆ. ಉಡಿಯನ್ನು ನಿನ್ನ ಅತ್ತೆಯೇ ತುಂಬಲಿ, ನಾನು ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತ ಇರುತ್ತೇನೆ. ಯಾರು ಕೇಳಿದರೂ ಅದೇ ನನ್ನ ಇಷ್ಟ ಎಂದು ಹೇಳುತ್ತೇನೆ. ಆ ಮನೆಯಲ್ಲಿ ಮಾತು ನಯವಾಗಿದ್ದಾಗ ಸ್ವಲ್ಪ ಎಚ್ಚರ ಇರಲಿ ಎಂದು ತಿಳಿಸಲು ಬರೆದೆ, ಅಷ್ಟೇ.

ಹೊತ್ತಿಗೆ ಸರಿಯಾಗಿ ಉಣ್ಣು. ಪರೀಕ್ಷೆಯ ಓದು ಬಿಡಬೇಡ.

ನಿನ್ನನ್ನೇ ಕಣ್ಣಲ್ಲಿಟ್ಟುಕೊಂಡಿರುವ
ನಿನ್ನ ಅವ್ವ

ತಾ.ಕ.: ಶನಿವಾರ ಬೆಳಿಗ್ಗೆ. ಅಬೀದಾ ಹೊರಡುವ ಮೊದಲು ಅಮರೇಶ ಬಂದಿದ್ದ. ಅಪ್ಪನ ಪರವಾಗಿ ಕ್ಷಮೆ ಕೇಳಲು ಬಂದನೆಂದು ನನ್ನ ಜೀವ ಹಗುರಾಯಿತು, ಕುರ್ಚಿ ಹಾಕಿದೆ. ಅವನು ಬಂದದ್ದು ಚನ್ನಬಸವ್ವನ ಹೆಸರಿನಲ್ಲಿ ನಾನು ಬರೆದದ್ದನ್ನೆಲ್ಲ ಅಳಿಸಿಬಿಡಿ ಎಂದು ಕೇಳಲು. ನಿಶ್ಚಯಕ್ಕೆ ಮಂದಿ ಕೂಡುತ್ತಾರೆ, ಯಾರಾದರೂ ಓದಿದರೆ ಅಪ್ಪನ ಮರ್ಯಾದೆಯ ಪ್ರಶ್ನೆಯಂತೆ. ನಗುತ್ತಲೇ ಹೇಳಿದ: "ಅದನ್ನ ಅಷ್ಟ ಮನಸಿಗೆ ಹಚ್ಕೋಬ್ಯಾಡ್ರಿ ಅತ್ತಿ. ಗಂಡುಮೆಟ್ಟಿನವ ಅನ್ನೋ ಹೆಸರ ಇಟ್ಟಾವ ನಾನರಿ. ಎಷ್ಟೋ ಸಲ ಅಪ್ಪಾರು ಹೇಳೋರು, ನಾ ಟೈಪ್ ಮಾಡಾಂವ. ಊಟಕ್ಕ ಕುಂತಾಗ ಓದಿ ಎಲ್ಲಾರೂ ನಗತಿದ್ವಿ. ನೀವಂತ ಗೊತ್ತಿದ್ದಿಲ್ಲಲ್ರಿ." ಏಳುವಾಗ ಅವನೂ ಕುರ್ಚಿಯನ್ನು ಎತ್ತಿ ಒಳಗೆ ಸರಿಸಿದ, ಸಪ್ಪಳವಾಗದಂತೆ.

ಅವನ ಬಗ್ಗೆ ಮೇಲೆ ಬರೆದ ಸಾಲುಗಳನ್ನು ಹೊಡೆದುಹಾಕಲು ಪೆನ್ನು ತೆಗೆದೆ, ಆಮೇಲೆ ಬಿಟ್ಟೆ. ನಿನಗೋಸ್ಕರ ಎಷ್ಟನ್ನು ನುಂಗಲು ತಯಾರಿದ್ದೆ ಎಂದು ನಿನಗೆ ತಿಳಿದಿರಲಿ. ನಿಶ್ಚಯಕ್ಕೆಂದು ಅವರು ಕೊಟ್ಟ ಸೀರೆ ಟ್ರಂಕಿನಲ್ಲಿದೆ. ನಿನ್ನ ಹೆಸರಿಗೆ ಬಂದದ್ದು, ಉಡುವುದೂ ತಿರುಗಿ ಕಳಿಸುವುದೂ ನಿನಗೇ ಬಿಟ್ಟದ್ದು. ನೀನು ಏನೇ ತೀರ್ಮಾನ ಮಾಡು, ನಾಳೆ ಐತವಾರ ಮನೆಗೆ ಬಾ. ಅಕ್ಕಿ ಆರಿಸಿ ಇಟ್ಟಿದ್ದೇನೆ, ಕೊಬ್ಬರಿ ಬಟ್ಟಲು, ಹಸಿರು ಖಣ ತಂದಿದ್ದೇನೆ. ನಿನ್ನ ಉಡಿಯನ್ನು ನಾಳೆ ನಾನು ತುಂಬುತ್ತೇನೆ. ಅದಕ್ಕೆ ಮದುವೆಯೇ ಆಗಬೇಕೆಂದೇನೂ ಇಲ್ಲ.